ಸೈಟು ಕೊಳ್ಳುವ ಮುಂಚೆ ಕಾಗದ ಓದಿ

ಈರುಳ್ಳಿಗೆ ಒಂದು ವರ್ಷ ಒಳ್ಳೆ ಬೆಲೆ ಬಂತು, ಇಲ್ಲವೇ ತೆಂಗು ಅಡಿಕೆಯಲ್ಲಿ ನಾಲ್ಕು ಕಾಸು ಉಳಿಯಿತು ಅಂದರೆ ನಮ್ಮ ಕಡೆಯ ರೈತರಿಗೆ ಮೊದಲು ಬರುವ ಯೋಚನೆ ಒಂದೇ. ಪಟ್ಟಣದಲ್ಲಿ ಒಂದು ಸೈಟು ಹಿಡಿಯಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಯಾವ ಊರಿನ ಹೊರಗೆ ಹೋದರೂ ರಸ್ತೆ ಪಕ್ಕದ ಹೊಲದಲ್ಲಿ ಬಿಳಿ ಬಣ್ಣದ ಕಲ್ಲು ನೆಟ್ಟಿರುವುದು ಕಾಣುತ್ತದೆ. ಮಕ್ಕಳ ಓದಿಗೆ, ಮಗಳ ಮದುವೆಗೆ, ಮುಪ್ಪಿನ ಕಾಲಕ್ಕೆ ಆಗುತ್ತೆ ಅಂತ ಕೊಳ್ಳುತ್ತೇವೆ. ಆಸೆ ತಪ್ಪಲ್ಲ. ಮಳೆ ನಂಬಿ ಬದುಕುವವರಿಗೆ ಮಳೆ ಇಲ್ಲದಿದ್ದರೂ ಉಳಿಯುವ ಒಂದು ಆಸ್ತಿ ಬೇಕು ಅನ್ನಿಸುವುದು ಸಹಜ.

ಆದರೆ ಹೊಲ ಕೊಳ್ಳುವುದಕ್ಕೂ ಸೈಟು ಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಹೊಲ ಕೊಳ್ಳುವಾಗ ನಾವು ಮಣ್ಣು ನೋಡುತ್ತೇವೆ, ಬದು ನೋಡುತ್ತೇವೆ, ಪಕ್ಕದ ಹೊಲದ ಬೆಳೆ ನೋಡುತ್ತೇವೆ. ಕಾಗದದಲ್ಲಿ ಸಣ್ಣ ಪುಟ್ಟ ತೊಡಕು ಇದ್ದರೂ ಉಳುಮೆ ನಿಲ್ಲುವುದಿಲ್ಲ, ಜೋಳವೋ ರಾಗಿಯೋ ಮನೆಗೆ ಬರುತ್ತದೆ. ಸೈಟಿನಲ್ಲಿ ಬೆಳೆ ಬರುವುದಿಲ್ಲ. ಅದರ ಬೆಲೆ ಪೂರಾ ಕಾಗದದಲ್ಲಿ ಇದೆ. ಕಾಗದ ಸರಿ ಇಲ್ಲದಿದ್ದರೆ ಹತ್ತು ಲಕ್ಷ ಕೊಟ್ಟ ಸೈಟು ಸಹ ಕಲ್ಲು ನೆಟ್ಟ ಬೀಳು ಅಷ್ಟೇ.

ಯಾವ ದುಡ್ಡು ಹಾಕಬೇಕು?

ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನು. ಇನ್ನು ಐದಾರು ವರ್ಷ ಬೇಕಾಗದ ದುಡ್ಡು ಇದ್ದರೆ ಮಾತ್ರ ಸೈಟಿನ ಕಡೆ ನೋಡಬೇಕು. ಕುರಿ, ಎಮ್ಮೆ ಆದರೆ ಕಷ್ಟ ಬಂದ ದಿನ ಸಂತೆಗೆ ಹೊಡೆದು ಸಂಜೆಗೆ ದುಡ್ಡು ಎಣಿಸಬಹುದು. ಸೈಟಿನ ಒಂದು ಮೂಲೆ ಕತ್ತರಿಸಿ ಮಾರಲು ಬರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಅಂಥ ವರ್ಷ ಸೈಟು ಮಾರಲು ಹೊರಡುವವರು ಹೆಚ್ಚು, ಕೊಳ್ಳುವವರು ಕಡಿಮೆ. ನಮಗೆ ದುಡ್ಡು ಬೇಕಾದ ವರ್ಷವೇ ಸೈಟಿಗೆ ಗಿರಾಕಿ ಸಿಗುವುದಿಲ್ಲ.

ಹಾಗಾಗಿ ಮುಂದಿನ ಬಿತ್ತನೆ ಖರ್ಚು, ಮನೆಯ ಒಂದು ವರ್ಷದ ಖರ್ಚು, ಆಸ್ಪತ್ರೆಗೆ ಅಂತ ಸ್ವಲ್ಪ, ಇಷ್ಟನ್ನು ಬೇರೆ ಇಟ್ಟು ಉಳಿದದ್ದರಲ್ಲಿ ಕೊಳ್ಳಬೇಕು. ಕೈಗಡ ತಂದು ಕೊಳ್ಳುವುದು ಬೇಡವೇ ಬೇಡ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇಕಡ 24. ಐದು ಲಕ್ಷ ಸಾಲಕ್ಕೆ ವರ್ಷಕ್ಕೆ 1,20,000 ರೂಪಾಯಿ ಬಡ್ಡಿಯೇ ಆಯಿತು. ಯಾವ ಊರಿನ ಸೈಟೂ ವರ್ಷ ವರ್ಷ ಆ ಪ್ರಮಾಣದಲ್ಲಿ ಏರುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ. ಇರುವ ಹೊಲ ಮಾರಿ ಸೈಟು ಕೊಳ್ಳುವವರೂ ಇದ್ದಾರೆ. ಅನ್ನ ಕೊಡುವುದನ್ನು ಮಾರಿ ಕಂದಾಯ ಕೇಳುವುದನ್ನು ತಂದಂತೆ ಆಗುತ್ತದೆ.

ಬೆರಳೆಣಿಸಿ ಲೆಕ್ಕ ಹಾಕಿ

ಒಂದು ಸೈಟಿಗೆ 10 ಲಕ್ಷ ಅಂತ ಇಟ್ಟುಕೊಳ್ಳಿ. ನೋಂದಣಿ ಖರ್ಚು ನೋಡಿ. ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಪಟ್ಟಣದಲ್ಲಿ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇಕಡ 1 ಇತ್ತು. 2025ರ ಆಗಸ್ಟ್ 31ರಿಂದ ಶೇಕಡ 2 ಮಾಡಿದ್ದಾರೆ. ಒಟ್ಟು 7.6. ಅಂದರೆ 76,000 ರೂಪಾಯಿ. ಪತ್ರ ಬರಹಗಾರರಿಗೆ, ವಕೀಲರಿಗೆ, ಖಾತೆ ಬದಲಾವಣೆಗೆ ಸೇರಿ ಸುಮಾರು 10 ಲಕ್ಷದ 80 ಸಾವಿರ ಕೈಬಿಟ್ಟಿತು.

ಇದೇ ದುಡ್ಡು ಶೇಕಡ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಬೆಳೆಯಲು ಬಿಟ್ಟರೆ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟು, 21 ಲಕ್ಷ ಆಗುತ್ತದೆ. ಹಾಗಾದರೆ ಹತ್ತು ವರ್ಷದ ನಂತರ ಆ ಸೈಟು 21 ಲಕ್ಷಕ್ಕೆ ಹೋದರೆ ಬ್ಯಾಂಕಿಗೆ ಸಮ ಆಯಿತು, ಲಾಭ ಅಲ್ಲ. ನಡುವೆ ವರ್ಷ ವರ್ಷ ಕಂದಾಯ, ಜಾಲಿ ಕಡಿಸುವ ಖರ್ಚು ಬೇರೆ. ಮಾರಿದಾಗ ಆದಾಯ ತೆರಿಗೆ ವ್ಯಾಪ್ತಿಗೆ ಬರುವವರಿಗೆ ಲಾಭದ ಮೇಲೆ ತೆರಿಗೆ ಇದೆ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ 2024ರ ಜುಲೈನಿಂದ ಅದು ಶೇಕಡ 12.5. "ಐದು ವರ್ಷಕ್ಕೆ ಡಬ್ಬಲ್ ಆಗುತ್ತೆ ಅಣ್ಣಾ" ಅನ್ನುವ ಮಾತು ಕೇಳಿದಾಗ ಈ ಲೆಕ್ಕ ನೆನಪಿರಲಿ. ಮುಂದೆ ಮನೆ ಕಟ್ಟಿ ನಾವೇ ಇರುತ್ತೇವೆ, ಮಕ್ಕಳು ಓದಲು ಅಲ್ಲೇ ಇರುತ್ತಾರೆ ಅನ್ನುವವರಿಗೆ ಲೆಕ್ಕ ಬೇರೆ. ಉಪಯೋಗಕ್ಕೆ ಕೊಳ್ಳುವವರಿಗೆ ಬೆಲೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಷ್ಟ ಇಲ್ಲ.

ಎಕರೆಗೆ ಎಷ್ಟು ಸೈಟು?

ಇದು ನಾವು ರೈತರು ಸುಲಭವಾಗಿ ಮಾಡಬಹುದಾದ ಪರೀಕ್ಷೆ. ಒಂದು ಗುಂಟೆಗೆ 1,089 ಚದರ ಅಡಿ. ಎಕರೆಗೆ 43,560 ಚದರ ಅಡಿ. ಮೂವತ್ತು ನಲವತ್ತರ ಸೈಟು ಅಂದರೆ 1,200 ಚದರ ಅಡಿ. ರಸ್ತೆ, ಚರಂಡಿ ಏನೂ ಇಲ್ಲದೆ ಬರೀ ಭಾಗಿಸಿದರೆ ಎಕರೆಗೆ 36 ಸೈಟು. ಕಾನೂನು ಪ್ರಕಾರ ಮಾಡಿದ ಲೇಔಟಿನಲ್ಲಿ ರಸ್ತೆಗೆ, ಪಾರ್ಕಿಗೆ, ಸಾರ್ವಜನಿಕ ಉಪಯೋಗಕ್ಕೆ ಅಂತ ಹತ್ತಿರ ಹತ್ತಿರ ಅರ್ಧ ಜಾಗ ಹೋಗುತ್ತದೆ. ಉಳಿಯುವುದು 18ರಿಂದ 20 ಸೈಟು. ಯಾರಾದರೂ ಎಕರೆಯಲ್ಲಿ 28, 30 ಸೈಟು ಮಾಡಿ ಮಾರುತ್ತಿದ್ದರೆ ರಸ್ತೆಯನ್ನೂ ಪಾರ್ಕನ್ನೂ ಸೇರಿಸಿ ಮಾರುತ್ತಿದ್ದಾರೆ ಅಂತ ತಿಳಿಯಬೇಕು. ಅಂಥ ಕಡೆ ಸೈಟು ಅಗ್ಗ ಇರುತ್ತದೆ. ಅಗ್ಗ ಯಾಕೆ ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ.

ಮೂರು ಕಾಗದ ಬೇಕೇ ಬೇಕು

ಮೊದಲನೆಯದು ಭೂ ಪರಿವರ್ತನೆ ಆದೇಶ. ಜನ ಇದನ್ನು ಡಿಸಿ ಕನ್ವರ್ಷನ್, ಅಲಿನೇಷನ್ ಅಂತಾರೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಹೊಲವನ್ನು ಮನೆ ಕಟ್ಟಲು ಬಳಸುವುದಕ್ಕೆ ಈ ಆದೇಶ. ಆದೇಶದಲ್ಲಿ ಇರುವ ಸರ್ವೆ ನಂಬರು, ವಿಸ್ತೀರ್ಣ ನಿಮ್ಮ ಸೈಟಿನ ನಂಬರಿಗೆ ತಾಳೆ ಆಗಬೇಕು. ನಾಲ್ಕು ಎಕರೆಯಲ್ಲಿ ಎರಡು ಎಕರೆಗೆ ಮಾತ್ರ ಆದೇಶ ಪಡೆದು ಅದೇ ಕಾಗದ ತೋರಿಸಿ ನಾಲ್ಕೂ ಎಕರೆ ಮಾರುವುದು ಉಂಟು.

ಎರಡನೆಯದು ಲೇಔಟ್ ನಕ್ಷೆಗೆ ಅನುಮೋದನೆ. ಚಿತ್ರದುರ್ಗದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ಬೇರೆ ಕಡೆ ಆ ಜಾಗ ಯಾವ ಯೋಜನಾ ಪ್ರಾಧಿಕಾರಕ್ಕೆ ಸೇರಿದೆ ಅಂತ ನಗರಸಭೆ, ಪುರಸಭೆ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ ಕೇಳಬೇಕು. ಕನ್ವರ್ಷನ್ ಆಗಿದೆ, ಇನ್ನೇನು ಬೇಕು ಅಂತ ಮಾರುವವರು ಹೇಳ್ತಾರೆ. ಕನ್ವರ್ಷನ್ ಆದರೆ ಹೊಲ ಹೊಲವಾಗಿ ಉಳಿಯಲಿಲ್ಲ ಅಂತ ಮಾತ್ರ ಅರ್ಥ. ಅದರೊಳಗೆ ನಿಮ್ಮ ಸೈಟು ಎಲ್ಲಿದೆ, ಅದಕ್ಕೆ ರಸ್ತೆ ಯಾವುದು ಅನ್ನುವುದನ್ನು ಹೇಳುವುದು ನಕ್ಷೆ.

ಮೂರನೆಯದು ಇ-ಖಾತೆ. ಪಟ್ಟಣದ ಮಿತಿಯಲ್ಲಿದ್ದರೆ ನಗರಸಭೆ ಅಥವಾ ಪುರಸಭೆಯದು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇದನ್ನು ಕಡ್ಡಾಯ ಮಾಡಿದ್ದಾರೆ. ಗ್ರಾಮ ಪಂಚಾಯಿತಿ ಮಿತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. ಬರೀ 11ಬಿ ತೋರಿಸಿದರೆ ಅದು ಅನುಮೋದನೆ ಇಲ್ಲದ ಸ್ವತ್ತು ಅಂತ ತಿಳಿದುಕೊಳ್ಳಿ. ಪಟ್ಟಣಗಳಲ್ಲಿ 2025ರಲ್ಲಿ ಅನಧಿಕೃತ ಬಡಾವಣೆಗಳ ಸೈಟಿಗೆ ಬಿ-ಖಾತೆ ಕೊಡುವ ಕೆಲಸ ಶುರು ಮಾಡಿದರು. ಬಿ-ಖಾತೆ ಕಂದಾಯ ಕಟ್ಟಿಸಿಕೊಳ್ಳಲು ಕೊಟ್ಟ ಖಾತೆ. ಅದರಿಂದ ಲೇಔಟು ಸಕ್ರಮ ಆಗುವುದಿಲ್ಲ.

"ಮುಂದೆ ಎಲ್ಲಾ ಸಕ್ರಮ ಆಗ್ತೈತೆ ಬಿಡಣ್ಣಾ" ಅಂತ ಧೈರ್ಯ ಹೇಳುವವರು ಬಹಳ. ಪಟ್ಟಣದ ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದನ್ನು ಅವರಿಗೆ ನೆನಪಿಸಬಹುದು. ಯಾವತ್ತೋ ಆಗಬಹುದಾದ ಸಕ್ರಮಕ್ಕೆ ಇವತ್ತಿನ ದುಡ್ಡು ಕೊಡಬಾರದು.

ಇನ್ನೊಂದು ಪರೀಕ್ಷೆಯೂ ಇದೆ. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್‌ಗಿಂತ, ಅಂದರೆ ಸುಮಾರು ಐದು ಗುಂಟೆಗಿಂತ ದೊಡ್ಡ ಲೇಔಟನ್ನು ನೋಂದಣಿ ಮಾಡದೆ ಜಾಹೀರಾತು ಕೊಡುವ ಹಾಗಿಲ್ಲ, ಸೈಟು ಮಾರುವ ಹಾಗಿಲ್ಲ. ಕರಪತ್ರದಲ್ಲಿ ರೇರಾ ನಂಬರು ಇದೆಯಾ ನೋಡಿ. ಇದ್ದರೆ ಓದಿದ ಮಕ್ಕಳ ಕೈಲಿ ಮೊಬೈಲಿನಲ್ಲಿ ಕರ್ನಾಟಕ ರೇರಾದ ಜಾಲತಾಣ ತೆಗೆಸಿ ಆ ನಂಬರು ನಿಜವಾ ಅಂತ ನೋಡಿಸಿ.

ಗುಂಟೆ ಲೆಕ್ಕದ ಸೈಟು

ನಮ್ಮ ಹಳ್ಳಿಗಳ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಹೊಲ ಹೊಲವಾಗೇ ಇರುತ್ತದೆ. ಅದರಲ್ಲಿ ಇಪ್ಪತ್ತು ಗುಂಟೆಯನ್ನು ಎಂಟು ಹತ್ತು ಜನರ ಹೆಸರಿಗೆ ಜಂಟಿಯಾಗಿ ಬರೆಸುತ್ತಾರೆ. ಪಹಣಿಯಲ್ಲಿ ಎಲ್ಲರ ಹೆಸರೂ ಬರುತ್ತದೆ. "ಪಹಣೀಲಿ ನಿಮ್ಮ ಹೆಸರೈತಲ್ಲ, ಇನ್ನೇನು ಭಯ?" ಅಂತಾರೆ. ಪಹಣಿಯಲ್ಲಿ ಹೆಸರು ಇರುವುದು ಜಂಟಿ ಹೊಲದ ಪಾಲುದಾರ ಅಂತ. ಇಂಥ ಕಡೆ ಇರುವ ಸೈಟು ನಿಮ್ಮದೇ ಅಂತ ಎಲ್ಲೂ ಬರೆದಿರುವುದಿಲ್ಲ. ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ. ಬ್ಯಾಂಕು ಮನೆ ಸಾಲ ಕೊಡುವುದಿಲ್ಲ. ಎಂಟು ಜನರಲ್ಲಿ ಒಬ್ಬ ತಕರಾರು ತೆಗೆದರೆ ಏಳು ಜನ ಕೋರ್ಟಿಗೆ ಅಲೆಯಬೇಕು. ನಮ್ಮ ಕಡೆ ಇಂಥ ಸೈಟು ಕೊಂಡವರು ಕಲ್ಲು ಕಾಯುತ್ತಾ ಕೂತಿದ್ದಾರೆ. ಮಾರಲು ಹೋದರೆ ಕೊಳ್ಳುವವನು ಮೊದಲು ಕೇಳುವುದೇ ಖಾತೆ.

ಜಮೀನಿನ ಬೇರು ನೋಡಿ

ಲೇಔಟ್ ಆಗುವ ಮುಂಚೆ ಅದು ಯಾರ ಹೊಲ, ಅವರಿಗೆ ಹೇಗೆ ಬಂತು ಅನ್ನುವುದನ್ನು ತಿಳಿಯಬೇಕು. ನಮ್ಮ ಜಿಲ್ಲೆಯಲ್ಲಿ ದರಖಾಸ್ತಿನಲ್ಲಿ, ಸಾಗುವಳಿ ಚೀಟಿಯಲ್ಲಿ ಸರ್ಕಾರ ಕೊಟ್ಟ ಜಮೀನು ಬಹಳ. ಇಂಥ ಜಮೀನಿಗೆ ಇಷ್ಟು ವರ್ಷ ಮಾರಬಾರದು ಅನ್ನುವ ಷರತ್ತು ಮಂಜೂರಾತಿ ಆದೇಶದಲ್ಲೇ ಇರುತ್ತದೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆ ಇದೆ. ಪಿಟಿಸಿಎಲ್ ಅಂತ ಕರೆಯುತ್ತಾರೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಂಡರೆ ಆ ಕ್ರಯ ಊರ್ಜಿತ ಅಲ್ಲ, ಜಮೀನು ಮೂಲ ಮಂಜೂರಾತಿದಾರರ ಮನೆಯವರಿಗೆ ವಾಪಸ್ಸು ಹೋಗುತ್ತದೆ. ಬಹಳ ವರ್ಷ ಆಯಿತು, ಇನ್ನು ಯಾರು ಕೇಳ್ತಾರೆ ಅನ್ನುವ ಹಾಗೂ ಇಲ್ಲ. 2023ರ ತಿದ್ದುಪಡಿಯಲ್ಲಿ ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ ಮಾಡಿದ್ದಾರೆ. ಬಡವರ ಭೂಮಿ ಉಳ್ಳವರ ಪಾಲಾಗಬಾರದು ಅಂತ ಮಾಡಿದ ಕಾನೂನು ಇದು. ಅದನ್ನು ತಪ್ಪಿಸಿ ಕೊಳ್ಳಲು ಹೋಗುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ. ಗೋಮಾಳ, ಕೆರೆ ಅಂಗಳ, ಹಳ್ಳದ ಖರಾಬು ಆದರಂತೂ ಹತ್ತಿರ ಹೋಗಬೇಡಿ.

ಪಿತ್ರಾರ್ಜಿತ ಹೊಲವಾದರೆ ವಂಶವೃಕ್ಷ ಕೇಳಿ. ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿ. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಮದುವೆ ಆಗಿ ಹೋದವರೂ ಪಾಲುದಾರರೇ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ್ದರೆ ಅಕ್ಕತಂಗಿಯರು ತಮ್ಮ ಹಕ್ಕು ಕೇಳಿ ದಾವಾ ಹಾಕಬಹುದು. ಕೇಳುವುದು ಅವರ ಹಕ್ಕು, ಮೊದಲೇ ವಿಚಾರಿಸಿಕೊಳ್ಳುವುದು ನಮ್ಮ ಕೆಲಸ.

ಇಸಿ ಏನು ಹೇಳುತ್ತೆ, ಏನು ಹೇಳಲ್ಲ

ಋಣಭಾರ ಪತ್ರಕ್ಕೆ ಇಸಿ ಅಂತಾರೆ. ಆ ಆಸ್ತಿ ಮೇಲೆ ನೋಂದಣಿ ಆದ ಮಾರಾಟ, ಅಡಮಾನ, ವಿಭಾಗ ಎಲ್ಲಾ ಅದರಲ್ಲಿ ಬರುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕಂಪ್ಯೂಟರಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಬೇಕು. ಮೂವತ್ತು ವರ್ಷದ್ದು ತೆಗೆಸುವುದು ಒಳ್ಳೆಯದು. ಸೈಟಿನ ನಂಬರಿಗೆ ಒಂದು, ಹಿಂದಿನ ಸರ್ವೆ ನಂಬರಿಗೆ ಒಂದು, ಎರಡೂ ಬೇಕು.

ಇಸಿ ಖಾಲಿ ಬಂತು ಅಂತ ನಿಶ್ಚಿಂತೆ ಆಗುವ ಹಾಗಿಲ್ಲ. ನೋಂದಣಿ ಮಾಡಿಸದ ಕರಾರು, ಬಾಯಿ ಮಾತಿನ ಪಾಲು, ವಿಲ್ಲು, ನಡೆಯುತ್ತಿರುವ ಮೊಕದ್ದಮೆ ಇವು ಅದರಲ್ಲಿ ಕಾಣದೆ ಇರಬಹುದು. ಅದಕ್ಕೆ ಅಕ್ಕಪಕ್ಕದ ಹೊಲದವರನ್ನು ಮಾತನಾಡಿಸಬೇಕು. ಕಚೇರಿಗೆ ಗೊತ್ತಿಲ್ಲದ್ದು ಬದುವಿನ ಪಕ್ಕದವರಿಗೆ ಗೊತ್ತಿರುತ್ತದೆ. ಎಲ್ಲಾ ಕಾಗದ ಸೇರಿಸಿ, ಮಾರುವವರು ತೋರಿಸಿದ ವಕೀಲರ ಹತ್ತಿರ ಹೋಗದೆ ನೀವೇ ಹುಡುಕಿದ ವಕೀಲರಿಗೆ ತೋರಿಸಿ. ಅವರಿಗೆ ಕೊಡುವ ಕೆಲವು ಸಾವಿರ ಬಿತ್ತನೆ ಬೀಜಕ್ಕೆ ಕೊಟ್ಟ ದುಡ್ಡಿನ ಹಾಗೆ. ಇನ್ನೊಂದು ಉಪಾಯ ಉಂಟು. ಆ ಲೇಔಟಿಗೆ ಸರ್ಕಾರಿ ಬ್ಯಾಂಕು ಮನೆ ಸಾಲ ಕೊಡುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ಸಾಲ ಬೇಡದಿದ್ದರೂ ಕೇಳಿ. ಬ್ಯಾಂಕಿನವರು ಬೇಡ ಅಂದರೆ ಯಾಕೆ ಅಂತ ತಿಳಿದುಕೊಳ್ಳಿ.

ಮಣ್ಣು ನೀರು ನೋಡುವುದು ನಮಗೆ ಗೊತ್ತು

ಕಾಗದ ಸರಿ ಇದ್ದ ಮೇಲೆ ಜಾಗಕ್ಕೆ ಹೋಗಿ. ಈ ಕೆಲಸದಲ್ಲಿ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ನೋಡಿದ ಸೈಟನ್ನು ಮಳೆ ಬಿದ್ದ ಮಾರನೆ ದಿನ ಇನ್ನೊಮ್ಮೆ ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ತಿಳಿಯುತ್ತದೆ.

ಬರಗಾಲದ ಸೀಮೆ, ಇಲ್ಲೆಲ್ಲಿ ನೆರೆ ಅಂತ ಉದಾಸೀನ ಬೇಡ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಆ ವರ್ಷ ಕೆಳಗೆ ವೇದಾವತಿ ತುಂಬಿ ಹರಿಯಿತು, ಮೇಲೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹೊಲ ತೋಟಕ್ಕೆ ನೀರು ನುಗ್ಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಎರಡು ತಲೆಮಾರು ನೀರು ಕಾಣದ ಹಳ್ಳಕ್ಕೂ ತನ್ನ ದಾರಿ ನೆನಪಿರುತ್ತದೆ. ಹಳ್ಳ ಮುಚ್ಚಿ ಮಾಡಿದ ಸೈಟು, ಕೆರೆ ಕೋಡಿಯ ಕೆಳಗಿನ ಸೈಟು ಬೇಡ.

ಹಿರಿಯೂರು ಸುತ್ತ ಎರೆ ಮಣ್ಣಿನ ಜಾಗ ಬಹಳ. ಎರೆ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೈ ಹೋಗುವಷ್ಟು ಬಿರುಕು ಬಿಡುವುದನ್ನು ನಾವೇ ಹೊಲದಲ್ಲಿ ನೋಡಿದ್ದೇವೆ. ಮನೆ ಪಾಯವೂ ಅದರ ಜೊತೆ ಏಳುತ್ತೆ, ಇಳಿಯುತ್ತೆ, ಗೋಡೆ ಸೀಳುತ್ತದೆ. ಗಟ್ಟಿ ನೆಲ ಸಿಗುವ ತನಕ ಪಾಯ ಇಳಿಸಬೇಕು, ಖರ್ಚು ಹೆಚ್ಚು. ಕೆಂಪು ಗರಸಿನ ಜಾಗದ ಬೆಲೆಗೆ ಎರೆ ಜಾಗ ಕೊಳ್ಳಬಾರದು. ಹಳೇ ಬಾವಿ ಮುಚ್ಚಿದ ಜಾಗ ಯಾವುದು ಅಂತ ಊರಿನ ಹಿರಿಯರನ್ನು ಕೇಳಿ. ತಲೆ ಮೇಲೆ ವಿದ್ಯುತ್ತಿನ ದೊಡ್ಡ ಲೈನು ಹೋಗಿದೆಯಾ ನೋಡಿ. ಕುಡಿಯುವ ನೀರು ಎಲ್ಲಿಂದ ಅಂತ ವಿಚಾರಿಸಿ. ನಮ್ಮ ಜಿಲ್ಲೆಯ ಬಹಳ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಬೋರು ಇದೆ ಅಂದ ಮಾತ್ರಕ್ಕೆ ಕುಡಿಯುವ ನೀರು ಇದೆ ಅಂತ ಆಗಲಿಲ್ಲ.

ಸುದ್ದಿಗೆ ಬೆಲೆ ಕೊಡಬೇಡಿ

"ರೈಲು ಬರ್ತೈತೆ", "ಭದ್ರಾ ನೀರು ಬರ್ತೈತೆ", "ದೊಡ್ಡ ಫ್ಯಾಕ್ಟರಿ ಬರ್ತೈತೆ" ಅಂತ ಹೇಳಿ ಸೈಟು ಮಾರುತ್ತಾರೆ. ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗದ ಮಾತು ಹತ್ತು ವರ್ಷಕ್ಕೂ ಹಿಂದಿನದು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಯೋಜನೆಗಳು ನಿಜ. ಆದರೆ ಅವು ಮುಗಿಯುವ ದಿನ ಸೈಟು ಮಾರುವವನ ಕೈಯಲ್ಲಿ ಇಲ್ಲ. ಇವತ್ತು ಅಲ್ಲಿ ರಸ್ತೆ, ನೀರು, ಕರೆಂಟು, ಶಾಲೆ ಏನಿದೆಯೋ ಅದಕ್ಕೆ ಮಾತ್ರ ಬೆಲೆ ಕಟ್ಟಿ.

ದುಡ್ಡು ಕೊಡುವ ಕ್ರಮ

"ಇವತ್ತು ಅಡ್ವಾನ್ಸ್ ಕೊಡಲಿಲ್ಲಾಂದ್ರೆ ನಾಳೆ ಈ ಸೈಟು ಇರಲ್ಲ" ಅಂದರೆ ಇಲ್ಲದೇ ಹೋಗಲಿ. ಕಾಗದದ ನಕಲು ಕೈಗೆ ಬರುವ ತನಕ ಒಂದು ರೂಪಾಯಿಯೂ ಬೇಡ. ಮುಂಗಡ ಕೊಟ್ಟರೆ ಕ್ರಯದ ಕರಾರು ಬರೆಸಿ ನೋಂದಣಿ ಮಾಡಿಸಿ. ಛಾಪಾ ಕಾಗದದ ಕರಾರು, ಜಿಪಿಎ ಇವುಗಳಿಂದ ಆಸ್ತಿ ನಮ್ಮದಾಗುವುದಿಲ್ಲ. ನೋಂದಣಿ ಆದ ಕ್ರಯಪತ್ರ ಬೇಕು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ.

ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆದರೆ ಪಡೆದಷ್ಟೇ ದಂಡ ಅಂತ 2015ರಿಂದ ಆದಾಯ ತೆರಿಗೆ ಕಾನೂನು ಇದೆ. ನೋಂದಣಿ ಖರ್ಚು ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸುತ್ತಾರೆ. 10 ಲಕ್ಷ ಕೊಟ್ಟು 4 ಲಕ್ಷ ಅಂತ ಬರೆಸಿದರೆ ನಾಳೆ ವ್ಯಾಜ್ಯ ಬಂದಾಗ ನೀವು ಕೊಟ್ಟದ್ದು 4 ಲಕ್ಷ ಅಂತಲೇ ಲೆಕ್ಕ. ಉಳಿದ 6 ಲಕ್ಷಕ್ಕೆ ಸಾಕ್ಷಿ ಇಲ್ಲ.

ನೋಂದಣಿಗೆ ಮುಂಚೆ ಸರ್ವೆಯರ್ ಕರೆದು ಅಳತೆ ಮಾಡಿಸಿ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಪತ್ರದಲ್ಲಿ ಸರಿಯಾಗಿ ಬರೆದಿದೆಯಾ ಓದಿ. ಆದರೆ ಮನೆಯಾಕೆಯ ಹೆಸರನ್ನೂ ಸೇರಿಸಿ ಜಂಟಿಯಾಗಿ ಬರೆಸಿ. ದುಡಿದದ್ದು ಇಬ್ಬರೂ ತಾನೆ.

ಕೊಂಡ ಮೇಲೆ

ಪತ್ರ ಪೆಟ್ಟಿಗೆಗೆ ಹಾಕಿ ಮರೆಯಬಾರದು. ಮೊದಲು ಖಾತೆ ನಿಮ್ಮ ಹೆಸರಿಗೆ ಮಾಡಿಸಿ. ವರ್ಷ ವರ್ಷ ಕಂದಾಯ ಕಟ್ಟಿ ರಸೀದಿ ಇಡಿ. ಸುತ್ತ ಬೇಲಿಯೋ ಕಾಂಪೌಂಡೋ ಹಾಕಿ, ಹೆಸರಿನ ಬೋರ್ಡು ನೆಡಿ. ಆರು ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿ. ಎರಡು ವರ್ಷಕ್ಕೊಮ್ಮೆ ಇಸಿ ತೆಗೆಸಿ, ಬೇರೆ ಯಾರಾದರೂ ನಿಮ್ಮ ಸೈಟನ್ನು ಬರೆದುಕೊಟ್ಟಿದ್ದಾರಾ ತಿಳಿಯುತ್ತದೆ. ಕಾಗದ ಎಲ್ಲಿದೆ ಅಂತ ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಗೊತ್ತಿರಲಿ.

ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಕೊಳ್ಳುವ ದಿನ ಏನಿದೆ ಅಂತ ಕಚೇರಿಯಲ್ಲೇ ಕೇಳಿಕೊಳ್ಳಿ. ಮೇಲೆ ಹೇಳಿದ ಕಾಗದಗಳಲ್ಲಿ ಒಂದು ಇಲ್ಲದಿದ್ದರೂ "ಆಮೇಲೆ ಕೊಡ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ. ಆ ಸೈಟು ಹೋದರೆ ಇನ್ನೊಂದು ಸಿಗುತ್ತದೆ. ಒಣಭೂಮಿಯಲ್ಲಿ ಹತ್ತು ವರ್ಷ ಬೆವರು ಸುರಿಸಿ ಉಳಿಸಿದ ದುಡ್ಡು ಒಮ್ಮೆ ಸಿಕ್ಕಿಬಿದ್ದರೆ ಮತ್ತೆ ಅಷ್ಟು ಕೂಡಿಸಲು ನಮಗೆ ಇನ್ನೊಂದು ಹತ್ತು ವರ್ಷ ಬೇಕು.